ಮೀಸೆಯ ಹಿಂದಿನ ಮಾತು

ಡೆನ್‌ಬಿ ಕೋವ್ ಊರಿನ ಸ್ಮಾರಕ ಭವನದಲ್ಲಿ ಜುಲೈ ತಿಂಗಳಿಡೀ ಹಳೆಯ ಸಿನಿಮಾ ತೋರಿಸುತ್ತಾರೆಂದು ಗೊತ್ತಾದಾಗ ಆವ್ರಿಲ್ ಪರ್ಟನ್ ಗಂಡನನ್ನು ಬರುತ್ತೀಯಾ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಕ್ಲೆಮ್ ಎಲ್ಲಿಗೂ ಬರುವವನಲ್ಲ. ಮದುವೆ, ಚರ್ಚು, ನೆಂಟರ ಮನೆಯ ಊಟ, ಯಾವುದಕ್ಕೂ ಅವನದು ಒಂದೇ ಉತ್ತರ: "ನೋಡೋಣ." ಮರ ಕೊಯ್ಯುವ ಮಿಲ್ಲಿನಲ್ಲಿ ಆಯುಷ್ಯವೆಲ್ಲ ಕಳೆದು ನಿವೃತ್ತನಾದ ಮೇಲಂತೂ ಹಿತ್ತಲಿನ ಶೆಡ್ಡೇ ಅವನ ಪ್ರಪಂಚವಾಗಿತ್ತು. ಬೆಳಗಿನ ತಿಂಡಿ ತಿಂದು ಅಲ್ಲಿ ಹೊಕ್ಕರೆ, ಮುರಿದ ಕುರ್ಚಿಗೆ ಕಾಲು ಕೂಡಿಸುತ್ತಲೋ ಹಕ್ಕಿಗೂಡಿಗೆ ಬಾಗಿಲು ಕೊರೆಯುತ್ತಲೋ ಸಂಜೆಯವರೆಗೂ ಇರುತ್ತಿದ್ದ. ಟಿವಿಯಲ್ಲಿ ಫುಟ್‌ಬಾಲ್ ನೋಡುವಾಗಲೂ ದನಿ ಪೂರ್ತಿ ಇಳಿಸಿಬಿಡುತ್ತಿದ್ದ. "ವರದಿ ಹೇಳೋರೆಲ್ಲ ಮೂರ್ಖರು" ಅನ್ನುತ್ತಿದ್ದ.

ಟಾಸ್ಮೇನಿಯಾದ ಆ ಮೂಲೆಯಲ್ಲಿ ಜುಲೈ ಎಂದರೆ ನಡುಚಳಿಗಾಲ, ಸಮುದ್ರದ ಕಡೆಯಿಂದ ಗಾಳಿ ಅಡ್ಡಡ್ಡ ಬೀಸುವ ಕಾಲ. ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿ ಕೂತರೆ ಒಲೆಗೆ ಸೌದೆ ಒಟ್ಟುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಆವ್ರಿಲ್ ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದುಕೊಂಡು ಭವನಕ್ಕೆ ಹೋಗತೊಡಗಿದಳು. ಸಿನಿಮಾ ತೋರಿಸುವವಳು, ಚಹಾ ಕಾಯಿಸುವವಳು, ತಡವಾಗಿ ಬಂದವರನ್ನು ಬೈಯುವವಳು ಎಲ್ಲ ಗ್ವೆನ್ ಸ್ಟಬಿಂಗ್ಸ್ ಒಬ್ಬಳೇ. ಆವ್ರಿಲ್‌ಗೆ ಶಾಲೆಯ ದಿನಗಳಿಂದ ಗೆಳತಿ. ನಾಲಿಗೆ ಮಾತ್ರ ಆಗಿನಿಂದಲೂ ಚೂಪು.

"ಒಬ್ಬಳೇ ಬಂದ್ಯಾ? ನಿನ್ನ ಗಂಡ ಇನ್ನೂ ಬದುಕಿದಾನೆ ತಾನೆ?" ಎಂದು ಮೊದಲ ದಿನವೇ ಕೇಳಿದಳು.

"ಊಟಕ್ಕೆ ಬರ್ತಾನೆ. ಅದರ ಮೇಲೆ ಬದುಕಿದಾನೆ ಅಂದ್ಕೊಂಡಿದೀನಿ."

"ನಂದೂ ಹಾಗೇ ಇತ್ತು ಕಣೇ, ಒಂದು ಮಾತು ಕಿವಿಗೆ ಹಾಕ್ಕೊಳ್ತಿರಲಿಲ್ಲ. ಈಗ ಸತ್ತ ಮೇಲೆ ನೋಡು, ನಾನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳ್ತಾನೆ."

ಮೊದಲೆರಡು ವಾರ ಬಂದದ್ದೆಲ್ಲ ಹಾಲಿವುಡ್ಡಿನ ಚಿತ್ರಗಳು. ಹೋಟೆಲಿನಿಂದ ಹೋಟೆಲಿಗೆ ಮುತ್ತಿನ ಸರ ಕದಿಯುತ್ತ ಹೋಗುವ ಸುಂದರಿ, ಅವಳನ್ನು ಹಿಡಿಯಲು ಬಂದು ಅವಳಿಗೇ ಸೋಲುವ ಪತ್ತೇದಾರ. ಅಮೃತಶಿಲೆಯ ಮೆಟ್ಟಿಲುಗಳ ಮೇಲೆ ನೂರು ಹುಡುಗಿಯರು ಒಟ್ಟಿಗೆ ಕಾಲೆತ್ತಿ ಕುಣಿಯುವುದು. ಧೂಳಿನ ಊರಿಗೆ ಕುದುರೆಯೇರಿ ಬಂದು ಯಾರಿಗೂ ಹೆಸರು ಹೇಳದೆ ಹೋಗುವ ಗಂಡಸು. ಆವ್ರಿಲ್ ಇವನ್ನು ಬಾಯಿಬಿಟ್ಟುಕೊಂಡು ನೋಡಿದಳು. ಅಲ್ಲಿ ಹೆಂಗಸರು ಅಳುವಾಗಲೂ ಮುಖದ ಮೇಲೆ ಯಾರೋ ಬೆಳಕು ಹಿಡಿದಿರುತ್ತಿದ್ದರು. ತಾನು ಅತ್ತಾಗ ಯಾರೂ ದೀಪ ಹಿಡಿದ ನೆನಪಿಲ್ಲವಲ್ಲ ಎಂದುಕೊಂಡು ಅವಳು ಮನಸ್ಸಿನಲ್ಲೇ ನಕ್ಕಳು.

ಎರಡನೆಯ ವಾರದ ಶುರುವಿಗೆ ದೊಡ್ಡ ಗಾಳಿಯೆದ್ದು ಕ್ಲೆಮ್‌ನ ಶೆಡ್ಡಿನ ಮಾಡನ್ನು ಕಿತ್ತುಕೊಂಡು ಹೋಗಿ ಪಕ್ಕದ ಹೊಲದ ಹಸುಗಳ ನಡುವೆ ಹಾಕಿತು. ಹೊಸ ತಗಡು ಬರುವುದಕ್ಕೆ ತಿಂಗಳು ಹಿಡಿಯುತ್ತದೆಂದು ಅಂಗಡಿಯವನು ಹೇಳಿದ. ಕ್ಲೆಮ್ ಒಂದು ದಿನ ಅಡುಗೆಮನೆಯಲ್ಲಿ ಕೂತ, ಇನ್ನೊಂದು ದಿನ ಕಿಟಕಿಯ ಹತ್ತಿರ ನಿಂತ. ಮೂರನೆಯ ದಿನ ಆವ್ರಿಲ್ ಟೋಪಿ ಹಾಕಿಕೊಳ್ಳುತ್ತಿದ್ದಾಗ ತಾನೂ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗೆ?" ಎಂದಳು ಅವಳು.

"ಸಿನಿಮಾಕ್ಕೆ. ಅಲ್ಲಿ ಹೀಟರ್ ಇದೆ ತಾನೆ?"

ಭವನದಲ್ಲಿ ಗ್ವೆನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಯ್ಯೋ, ಗುಹೆಯಿಂದ ಹೊರಗೆ ಬಂತು!" ಎಂದಳು. ಕ್ಲೆಮ್ ವಿನಯದಿಂದ ತಲೆಯಾಡಿಸಿ, "ಥ್ಯಾಂಕ್ಸ್, ಎರಡು ಚಮಚ ಸಕ್ಕರೆ" ಎಂದ. ಸುತ್ತ ಇದ್ದವರು ನಕ್ಕರು. ಅವನು ಇಷ್ಟು ಚೆನ್ನಾಗಿ ತಮಾಷೆ ಮಾಡುತ್ತಾನೆಂದು ಆವ್ರಿಲ್‌ಗೂ ಗೊತ್ತಿರಲಿಲ್ಲ.

ಅಲ್ಲಿಂದ ಅವನು ಒಂದು ದಿನವೂ ತಪ್ಪಿಸಲಿಲ್ಲ. ಆವ್ರಿಲ್ ಇದನ್ನು ಯಾರಿಗೂ ಹೇಳಲಿಲ್ಲ, ಆದರೆ ಕತ್ತಲಲ್ಲಿ ಅವನ ಪಕ್ಕ ಕೂತಿರುವುದು ಅವಳಿಗೆ ಹಿತವಾಗಿತ್ತು. ಅವಳು ನಕ್ಕರೆ ಅವನೂ ನಗುತ್ತಿದ್ದ. ಒಮ್ಮೆ ಪರದೆಯ ಮೇಲೆ ಒಬ್ಬ ಕುರುಡ ಪಿಯಾನೋ ವಾದಕ ತನ್ನ ಹೆಂಡತಿ ಮನೆಬಿಟ್ಟು ಹೋದದ್ದು ತಿಳಿಯದೆ ಅವಳಿಗೆಂದು ಬಾರಿಸುತ್ತಲೇ ಇದ್ದಾಗ ಆವ್ರಿಲ್‌ಗೆ ಅಳು ಬಂತು. ಕಣ್ಣು ಒರೆಸಿಕೊಳ್ಳುವ ಮುಂಚೆಯೇ ಕ್ಲೆಮ್‌ನ ಕರವಸ್ತ್ರ ಅವಳ ಮಡಿಲಿಗೆ ಬಂತು. ಅವರಿಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಲಗತೊಡಗಿ ವರ್ಷಗಳೇ ಆಗಿದ್ದವು. ಹೀಗಿರುವಾಗ ಈ ಮನುಷ್ಯ ಕತ್ತಲಲ್ಲಿ ತನ್ನ ಮುಖ ನೋಡುತ್ತ ಕೂತಿದ್ದನೇ ಎಂದು ಅವಳಿಗೆ ಆಶ್ಚರ್ಯವಾಯಿತು. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಮೂರನೆಯ ವಾರ ಇಂಗ್ಲೆಂಡಿನ ಚಿತ್ರಗಳು ಶುರುವಾದವು. ಅವುಗಳಲ್ಲಿ ಮೆಟ್ಟಿಲಿನ ಮೇಲೆ ಯಾರೂ ಕುಣಿಯುತ್ತಿರಲಿಲ್ಲ. ಸಮುದ್ರದಡಿಯ ಹಡಗಿನಲ್ಲಿ ಸಿಕ್ಕಿಕೊಂಡ ನಾವಿಕರು ಉಸಿರಿಗೆ ಗಾಳಿ ಮುಗಿಯುತ್ತಿದ್ದರೂ ಒಬ್ಬರಿಗೊಬ್ಬರು "ದಯವಿಟ್ಟು", "ಕ್ಷಮಿಸಿ" ಎನ್ನುತ್ತಿದ್ದರು. ಯುದ್ಧಕ್ಕೆ ಹೋದ ಮಗನ ಸಾವಿನ ಸುದ್ದಿ ಕೇಳಿದ ತಂದೆ ಗುಲಾಬಿ ಗಿಡದ ಕೊಂಬೆ ಕತ್ತರಿಸುವುದನ್ನು ನಿಲ್ಲಿಸದೆ ಹವಾಮಾನದ ಮಾತಾಡುತ್ತಿದ್ದ. ದಪ್ಪ ಮೀಸೆಯ ಕರ್ನಲ್‌ಗಳು, ಮೀಸೆಯ ವೈದ್ಯರು, ಮೀಸೆಯ ಪೊಲೀಸರು. ಕ್ಲೆಮ್ ಈ ವಾರ ಯಾಕೋ ಮಂಕಾದ. ಪರದೆಯನ್ನು ಬಿಟ್ಟು ಹೆಂಡತಿಯ ಕಡೆಗೇ ತಿರುಗಿ ಕೂರುತ್ತಿದ್ದ.

ಗುರುವಾರ ತೋರಿಸಿದ್ದು ಹಳ್ಳಿಯೊಂದರ ಪಾದ್ರಿಯ ಕತೆ. ಮುದುಕ ಪಾದ್ರಿ ಹಾಸಿಗೆ ಹಿಡಿದಿದ್ದಾನೆ. ಮೂವತ್ತು ವರ್ಷ ಅವನ ಮನೆಗೆಲಸ ಮಾಡಿದ ಹೆಂಗಸು ಮಂಚದ ಪಕ್ಕ ನಿಂತಿದ್ದಾಳೆ. ಅವಳ ಮೇಲಿನ ಪ್ರೀತಿಯನ್ನು ಒಮ್ಮೆಯೂ ಆಡದ ಅವನು ಕೊನೆಯ ಉಸಿರಿನಲ್ಲೂ ಅದನ್ನು ಆಡಲಾರದೆ, "ಕಿಟಕಿ ಸ್ವಲ್ಪ ತೆಗೆ" ಅನ್ನುತ್ತಾನೆ. ಭವನದಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ಸರಿಯಾಗಿ ಆಗಲೇ ಆವ್ರಿಲ್ ಬಾಯಲ್ಲಿದ್ದ ಕೇಕಿನ ಮೇಲಿನ ಕೊಬ್ಬರಿ ಚೂರು ಗಂಟಲಿಗೆ ಅಡ್ಡ ಹೋಯಿತು. ಕೆಮ್ಮಿದರೆ ಎಲ್ಲರಿಗೂ ತೊಂದರೆಯೆಂದು ಬಾಯಿಗೆ ಕೈ ಅಡ್ಡ ಹಿಡಿದು ತಡೆದಳು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು.

ಕ್ಲೆಮ್ ಅವಳನ್ನು ನೋಡಿದ. ನೋಡಿ, ತಲೆ ಹಿಂದಕ್ಕೆ ಹಾಕಿ ಗಹಗಹಿಸಿ ನಕ್ಕ.

ಮುಂದಿನ ಸಾಲುಗಳವರೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ಪರದೆಯ ಮೇಲೆ ಹೆಂಗಸು ಸತ್ತವನ ಕಣ್ಣು ಮುಚ್ಚುತ್ತಿದ್ದಳು. ಕ್ಲೆಮ್ ಇನ್ನೂ ಒಂದೆರಡು ಸಲ ನಕ್ಕು, ಎಲ್ಲರ ಮುಖ ಕಂಡು, ಅರ್ಧದಲ್ಲಿ ನಿಲ್ಲಿಸಿದ.

ಚಹಾದ ಹೊತ್ತಿಗೆ ಗ್ವೆನ್ ನೇರವಾಗಿ ಬಂದಳು. "ಏನಯ್ಯಾ ನಿನಗೆ ಹೃದಯ ಅನ್ನೋದಿಲ್ವಾ? ಸಾಯೋ ಮನುಷ್ಯನ್ನ ನೋಡಿ ಹಲ್ಲು ಕಿರೀತೀಯಲ್ಲ!"

"ಚೆನ್ನಾಗಿತ್ತು, ಚೆನ್ನಾಗಿತ್ತು" ಎಂದ ಕ್ಲೆಮ್, ಕಪ್ಪು ಅವಳ ಕೈಗೆ ಕೊಡುತ್ತ.

ಆವ್ರಿಲ್ ಟೋಪಿ ಹಾಕಿಕೊಂಡು ಹೊರಟಳು. ಮನೆಗೆ ಹೋಗುವ ದಾರಿಯಲ್ಲಿ ಬೇಕೆಂದೇ ಅವನಿಗಿಂತ ಸ್ವಲ್ಪ ಹಿಂದೆ ಉಳಿದಳು. ಗಾಳಿ ನಿಂತಿತ್ತು, ಅಂಚೆ ಕಚೇರಿಯ ಬಾವುಟವೂ ಅಲುಗುತ್ತಿರಲಿಲ್ಲ. "ಕ್ಲೆಮ್" ಎಂದಳು. ಅವನು ನಡೆಯುತ್ತಲೇ ಇದ್ದ. "ಕ್ಲೆಮ್, ನಿನ್ನ ಪರ್ಸು ಬಿತ್ತು." ಅವನು ತಿರುಗಲಿಲ್ಲ. "ಕ್ಲೆಮ್, ನೀನೊಂದು ಹಂದಿ" ಎಂದು ಇನ್ನೂ ಗಟ್ಟಿಯಾಗಿ ಹೇಳಿದಳು. ಬೇಲಿಯ ಆಚೆ ಬಟ್ಟೆ ತೆಗೆಯುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಕ್ಲೆಮ್ ಗೇಟು ತೆಗೆದು, ಹೆಂಡತಿ ಒಳಗೆ ಬರಲೆಂದು ಅದನ್ನು ಹಿಡಿದು ನಿಂತ.

ಅಡುಗೆಮನೆಯಲ್ಲಿ ಅವನನ್ನು ಕೂರಿಸಿ ಆವ್ರಿಲ್ ಎದುರು ಕುರ್ಚಿಯಲ್ಲಿ ಕೂತಳು.

"ನಿನಗೆ ಕಿವಿ ಕೇಳಿಸಲ್ಲ."

"ಕೇಳಿಸತ್ತೆ. ಈಗ ಕೇಳಿಸ್ಲಿಲ್ವಾ?"

"ನನ್ನ ಬಾಯಿ ನೋಡ್ತಿದೀಯ. ಅದಕ್ಕೆ. ದಾರೀಲಿ ನಿನ್ನ ಬೆನ್ನಿಗೆ ಏನು ಹೇಳಿದೆ, ಹೇಳು ನೋಡೋಣ."

ಅವನು ಮೇಜಿನ ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ಸರಿಮಾಡಿದ. "ಏನೋ ಒಳ್ಳೇದೇ ಹೇಳಿರ್ತೀಯ."

"ಹಂದಿ ಅಂದೆ."

"ಹಾಗಾದ್ರೆ ಕೇಳಿಸದೇ ಇದ್ದದ್ದೇ ಒಳ್ಳೇದಾಯ್ತು."

ಆವ್ರಿಲ್‌ಗೆ ನಗು ಬರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದಳು. ಗೊತ್ತಿಲ್ಲ ಎಂದ. ಮಿಲ್ಲಿನಲ್ಲಿದ್ದ ಕೊನೆಯ ವರ್ಷಗಳಲ್ಲಿ ಗರಗಸದ ಸದ್ದು ಮೆತ್ತಗಾದಂತೆ ಅನ್ನಿಸಿತ್ತಂತೆ. ಹೊಸ ಯಂತ್ರ ತಂದಿದ್ದಾರೆ, ಅದಕ್ಕೇ ಇರಬೇಕು ಎಂದುಕೊಂಡಿದ್ದನಂತೆ. ಆಮೇಲೆ ಜನರೆಲ್ಲ ಗೊಣಗತೊಡಗಿದರಂತೆ. "ಈ ಕಾಲದೋರು ಯಾರೂ ಬಾಯಿ ತೆಗೆದು ಮಾತಾಡಲ್ಲ" ಎಂದ. "ಆ ಅಮೆರಿಕದೋರು ಪರವಾಗಿಲ್ಲ. ದೊಡ್ಡದಾಗಿ ಮುಖ ತೋರಿಸ್ತಾರೆ, ತುಟಿ ಆಡಿಸ್ತಾರೆ. ಅರ್ಧಕ್ಕರ್ಧ ತಿಳೀತಿತ್ತು. ಇಂಗ್ಲೆಂಡಿನೋರದು ತುಟಿನೇ ಅಲ್ಲಾಡಲ್ಲ. ಅಲ್ಲಾಡಿದ್ರೂ ಮೀಸೆ ಅಡ್ಡ. ಅದಕ್ಕೇ ನಿನ್ನ ನೋಡ್ತಿದ್ದೆ."

ಆವ್ರಿಲ್ ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು. ಆಲೂಗೆಡ್ಡೆ ಸುಲಿಯಲು ತೆಗೆದುಕೊಂಡು ಮತ್ತೆ ಕೆಳಗಿಟ್ಟಳು. ಹಿಂದೊಮ್ಮೆ ಇದೇ ಜಾಗದಲ್ಲಿ, ಹೀಗೇ ನಲ್ಲಿ ಬಿಟ್ಟುಕೊಂಡು ನಿಂತಿದ್ದಾಗ ಹೋಬಾರ್ಟ್‌ನಿಂದ ಫೋನ್ ಬಂದಿತ್ತು: ತಂಗಿ ವಿನ್ನಿ ತೀರಿಕೊಂಡಿದ್ದಳು. ಫೋನ್ ಇಟ್ಟು, ತಿರುಗದೆ, ನೀರಿನ ಕಡೆಗೇ ಮುಖ ಮಾಡಿ ಅವಳು ಹೇಳಿದ್ದಳು, "ವಿನ್ನಿ ಹೋದಳು ಕ್ಲೆಮ್. ನೀನೂ ಬಾ ನನ್ನ ಜೊತೆ." ಹಿಂದಿನಿಂದ ಅವನ ದನಿ ಬಂದಿತ್ತು, "ನೋಡೋಣ, ನಾಳೆ." ಹಾಗಂದು ಶೆಡ್ಡಿಗೆ ಹೋಗಿದ್ದ. ಅವಳು ಒಬ್ಬಳೇ ಬಸ್ಸು ಹತ್ತಿದ್ದಳು. ಮಣ್ಣು ಮಾಡಿ ಮರಳಿದ ದಿನವೇ ತನ್ನ ದಿಂಬನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿದ್ದಳು. ಯಾಕೆಂದು ಅವನು ಕೇಳಲಿಲ್ಲ. ಕೇಳದೆ ಇದ್ದದ್ದನ್ನೂ ಅವಳು ಅದೇ ಲೆಕ್ಕಕ್ಕೆ ಸೇರಿಸಿದ್ದಳು.

ಈಗ ತಿರುಗಿ ಅವನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಕೇಳಿದಳು. "ವಿನ್ನಿ ಸತ್ತ ದಿನ ನಾನು ಇಲ್ಲಿ ನಿಂತು ನಿನಗೇನು ಹೇಳಿದೆ?"

"ಏನೂ ಹೇಳಲಿಲ್ಲ. ಮೀನು ತರಬೇಕೋ ಏನೋ ಅಂದೆ ಅಂತ ಕಾಣತ್ತೆ. ವಿನ್ನಿ ವಿಷಯ ಗ್ವೆನ್ ಬೇಲಿ ಹತ್ರ ಹೇಳಿದ್ಲು, ನೀನು ಬಸ್ಸು ಹತ್ತಿ ಹೋದ ಮೇಲೆ." ಅವನ ಬೆರಳು ಮತ್ತೆ ಮೇಜಿನ ಬಟ್ಟೆಯ ಮಡಿಕೆಗೆ ಹೋಯಿತು. "ಕರೀಬಹುದಿತ್ತು ನೀನು. ನಾನು ಬರ್ತಿದ್ದೆ. ನಿನಗೆ ನಾನು ಅಲ್ಲಿ ಬೇಡವಾಗಿತ್ತೇನೋ ಅಂತ ಸುಮ್ಮನಾದೆ."

"ಮತ್ತೆ ನಾನು ಹಿಂದಿನ ಕೋಣೆಗೆ ಹೋದದ್ದು ಯಾಕೆ ಅಂದ್ಕೊಂಡೆ?"

"ಗೊರಕೆಗೆ."

ಆವ್ರಿಲ್ ಒದ್ದೆ ಕೈಗಳನ್ನು ಏಪ್ರನ್‌ಗೆ ಒರೆಸಿಕೊಂಡಳು. ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದ ಸಿಟ್ಟು ಅದು. ಅದನ್ನು ಒಂದೇ ಸಲಕ್ಕೆ ಕೆಳಗಿಡೆಂದರೆ ಕೈಗೆ ಒಪ್ಪುತ್ತಿರಲಿಲ್ಲ. ಅವತ್ತು ಊಟಕ್ಕೆ ಬೇಯಿಸಿದ ಆಲೂಗೆಡ್ಡೆಗೆ ಉಪ್ಪು ಹಾಕುವುದನ್ನು ಮರೆತಳು. ಕ್ಲೆಮ್ ಎರಡು ಸಲ ಬಡಿಸಿಕೊಂಡು ತಿಂದ.

ಮರುದಿನ ಬೆಳಿಗ್ಗೆಯೇ ಅವಳು ಗ್ವೆನ್‌ಳ ಮನೆಗೆ ಹೋದಳು. ಪರದೆಯ ಅಡಿಯಲ್ಲಿ ಮಾತುಗಳನ್ನು ಅಕ್ಷರದಲ್ಲಿ ತೋರಿಸುವುದಕ್ಕೆ ಆಗುತ್ತದೆಯೇ ಎಂದು ಕೇಳಿದಳು.

"ಯಾಕೆ? ಇವೇನು ಫ್ರೆಂಚ್ ಸಿನಿಮಾನಾ? ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅಕ್ಷರ ಹಾಕ್ಬೇಕಾ?"

ಕ್ಲೆಮ್‌ನ ಹೆಸರು ಆವ್ರಿಲ್‌ಳ ನಾಲಿಗೆಯ ತುದಿಯವರೆಗೆ ಬಂತು. ಅಲ್ಲಿಗೇ ತಡೆದಳು. "ನನಗೆ ಕೇಳಿಸಲ್ಲ ಕಣೇ" ಎಂದಳು. "ಇತ್ತೀಚೆಗೆ ಕಿವಿ ಮಂದ ಆಗಿದೆ."

ಗ್ವೆನ್ ಅವಳನ್ನು ದಿಟ್ಟಿಸಿ ನೋಡಿದಳು. ಬೈಯುವುದಕ್ಕೆ ತೆರೆದ ಬಾಯನ್ನು ಮುಚ್ಚಿಕೊಂಡಳು. "ನಾನೊಬ್ಬಳೇ ತೀರ್ಮಾನ ಮಾಡೋಕಾಗಲ್ಲ. ಎಲ್ಲರನ್ನೂ ಕೇಳ್ತೀನಿ" ಎಂದಳು.

ಮಧ್ಯಾಹ್ನ ಸಿನಿಮಾ ಶುರುವಾಗುವ ಮುಂಚೆ ಗ್ವೆನ್ ಎದ್ದು ನಿಂತು ಹೇಳಿದಳು: "ಆವ್ರಿಲ್‌ಗೆ ಕಿವಿ ಹೋಗಿದೆಯಂತೆ. ಅಕ್ಷರ ಹಾಕೋಣ್ವಾ ಅಂತ ಕೇಳ್ತಿದಾಳೆ." ಮುಂದಿನ ಸಾಲಿನಲ್ಲಿ ಗಲಾಟೆಯೆದ್ದಿತು. ಅಕ್ಷರ ಬಂದರೆ ಕುಣಿಯುವವರ ಕಾಲು ಕಾಣಿಸುವುದಿಲ್ಲ ಎಂದು ಒಬ್ಬರು. ಸಿನಿಮಾ ನೋಡಲು ಬಂದಿದ್ದೇವೆ, ಪಾಠ ಓದಲು ಅಲ್ಲ ಎಂದು ಇನ್ನೊಬ್ಬರು. ಕ್ಲೆಮ್ ಎಲ್ಲರ ಬಾಯನ್ನೂ ಸರದಿಯಲ್ಲಿ ನೋಡುತ್ತಿದ್ದ. ಹೆಂಡತಿ ತನ್ನ ಮೇಲೆ ಎಳೆದುಕೊಂಡದ್ದೇನೆಂದು ಅವನಿಗೆ ತಿಳಿಯಿತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಕಡೆಗೆ ಬೇಕೆನ್ನುವವರು ಕೈಯೆತ್ತಿ ಎಂದಳು ಗ್ವೆನ್. ಮೊದಲು ಆವ್ರಿಲ್ ಎತ್ತಿದಳು. ಆಮೇಲೆ ಹಿಂದಿನ ಸಾಲಿನಲ್ಲಿ ಒಂದು ಕೈ, ಬಾಗಿಲ ಹತ್ತಿರ ಒಂದು. ಕಾಲು ಕಾಣಿಸುವುದಿಲ್ಲ ಎಂದವರ ಹೆಂಡತಿಯದೊಂದು. ನೋಡನೋಡುತ್ತ ಭವನದ ಅರ್ಧಕ್ಕೂ ಹೆಚ್ಚು ಕೈಗಳು ಮೇಲೆದ್ದವು. ಎತ್ತಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಇಷ್ಟು ದಿನ ಇವರೆಲ್ಲ ಏನು ಕೇಳಿಸಿಕೊಂಡು ನಕ್ಕರೋ, ಯಾರನ್ನು ನೋಡಿ ಅತ್ತರೋ!

"ದೇವರೇ, ನಾನು ಕಿವುಡರ ಸಂತೆಗೆ ಚಹಾ ಕಾಯಿಸ್ತಿದ್ದೆ" ಎಂದು ಗೊಣಗುತ್ತ ಗ್ವೆನ್ ಯಂತ್ರದ ಗುಂಡಿ ಒತ್ತಿದಳು.

ಅಂದಿನ ಚಿತ್ರ ಇಬ್ಬರು ಅಕ್ಕತಂಗಿಯರು ಒಬ್ಬ ಬ್ಯಾಂಕಿನ ಗುಮಾಸ್ತನನ್ನು ಮದುವೆಯಾಗಲು ಹೂಡುವ ಆಟ. ಅಕ್ಷರಗಳು ಬಿಳಿಯಾಗಿ ಅಡಿಯಲ್ಲಿ ಹರಿದವು. ಭವನದ ತಗಡಿನ ಮಾಡು ನಡುಗುವಷ್ಟು ನಗು ಎದ್ದಿತು. ಹಿಂದಿನ ವಾರಗಳಲ್ಲಿ ನಗು ಮುಂದಿನ ಸಾಲಿನಿಂದ ಹೊರಟು ಹಿಂದಕ್ಕೆ ನಿಧಾನವಾಗಿ ಬರುತ್ತಿದ್ದದ್ದು ಆವ್ರಿಲ್‌ಗೆ ಈಗ ನೆನಪಾಯಿತು. ಕ್ಲೆಮ್ ಮಾತ್ರ ನಗಲಿಲ್ಲ. ಕನ್ನಡಕ ಮೂಗಿನ ತುದಿಗೆ ತಂದು, ಹಣೆ ಗಂಟಿಕ್ಕಿ, ಕೊನೆಯವರೆಗೂ ಓದಿದ.

"ಇಷ್ಟೇನಾ?" ಎಂದ, ಹೊರಗೆ ಬಂದ ಮೇಲೆ.

"ಏನು ಇಷ್ಟೇನಾ?"

"ಅವರು ಆಡ್ತಿದ್ದದ್ದು. ನಾನು ಇನ್ನೂ ಏನೇನೋ ಅಂದ್ಕೊಂಡಿದ್ದೆ."

ದಾರಿಯುದ್ದಕ್ಕೂ ಅವನು ತಾನು ಅಂದುಕೊಂಡದ್ದನ್ನು ಹೇಳಿದ. ಮುತ್ತಿನ ಸರ ಕದ್ದವಳು ಅವನ ಪ್ರಕಾರ ಕಳ್ಳಿಯಲ್ಲ. ಸರ ಅವಳ ತಾಯಿಯದು, ಪತ್ತೇದಾರನೇ ಮೊದಲು ಅದನ್ನು ಕದ್ದವನು. ಸಮುದ್ರದಡಿಯ ನಾವಿಕರು ಗಾಳಿಗಾಗಿ ಅಲ್ಲ, ಅಡುಗೆಯವನು ಮುಚ್ಚಿಟ್ಟ ಒಂದು ಬಾಟಲಿಗಾಗಿ ಅಷ್ಟೊಂದು ಚಡಪಡಿಸುತ್ತಿದ್ದರು. ಕುದುರೆಯ ಮೇಲೆ ಬಂದವನು ಆ ಊರಿನವನೇ. ಯಾರೂ ತನ್ನ ಗುರುತು ಹಿಡಿಯಲಿಲ್ಲವೆಂದು ಬೇಸರಪಟ್ಟು ಹೊರಟುಹೋದ. ಆವ್ರಿಲ್ ಅವನ ಪಕ್ಕದಲ್ಲಿ, ಅವನ ಕಣ್ಣಿಗೆ ತನ್ನ ಮುಖ ಕಾಣುವಂತೆ, ಒಂದಿಷ್ಟು ಓರೆಯಾಗಿ ನಡೆಯುತ್ತಿದ್ದಳು. ಮದುವೆಯಾದ ಮೇಲೆ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

"ಆ ಪಾದ್ರಿ?" ಎಂದು ಕೇಳಿದಳು. "ನೀನು ನಕ್ಯಲ್ಲ, ಅವನ ಕತೆ ಏನು?"

"ಅವನು ಸತ್ತಿರ್ಲಿಲ್ಲ. ಆ ಹೆಂಗಸು ಏನು ಮಾಡ್ತಾಳೆ ನೋಡೋಣ ಅಂತ ಸುಮ್ಮನೆ ಕಣ್ಣು ಮುಚ್ಕೊಂಡಿದ್ದ. ನೀನು ನಕ್ಕಿದ್ದು ಅದಕ್ಕೇ ಅಂದ್ಕೊಂಡೆ."

"ನನಗೆ ಕೊಬ್ಬರಿ ಸಿಕ್ಕಾಕ್ಕೊಂಡಿತ್ತು."

"ಅದು ನನಗೇನು ಗೊತ್ತು?"

ಕೊನೆಯ ವಾರ ಹೀಗೆ ಕಳೆಯಿತು. ಮಧ್ಯಾಹ್ನ ಭವನದಲ್ಲಿ ಒಂದು ಕತೆ, ಮನೆಗೆ ಬರುವ ದಾರಿಯಲ್ಲಿ ಅದೇ ಚಿತ್ರಕ್ಕೆ ಕ್ಲೆಮ್ ಕಟ್ಟಿದ ಇನ್ನೊಂದು. ಒಂದೊಂದು ದಿನ ಅವನು ಬೇಕೆಂದೇ ಕನ್ನಡಕ ಜೇಬಿನಲ್ಲಿ ಇಟ್ಟುಕೊಂಡು ನೋಡುತ್ತಿದ್ದ. ಆವ್ರಿಲ್ ಅದನ್ನು ಕಂಡರೂ ಕೇಳಲಿಲ್ಲ. ಕಿವಿಯ ವೈದ್ಯರ ಮಾತೆತ್ತಿದರೆ ಮಾತ್ರ "ನೋಡೋಣ" ಎನ್ನುತ್ತಿದ್ದ. ಅವಳು ಆ ಮಾತಿಗೆ ಮಣಿಯದೆ ಬರ್ನಿ ಪಟ್ಟಣಕ್ಕೆ ಫೋನ್ ಮಾಡಿ ದಿನ ಗೊತ್ತುಮಾಡಿಯೇಬಿಟ್ಟಳು. ಅಲ್ಲಿ ಕೊಟ್ಟ ಯಂತ್ರವನ್ನು ಕಿವಿಗೆ ಹಾಕಿಕೊಂಡು ಮನೆಗೆ ಬಂದ ಕ್ಲೆಮ್ ಮೊದಲು ಮಾಡಿದ ಕೆಲಸ ಫ್ರಿಜ್ಜಿನ ಮುಂದೆ ನಿಂತದ್ದು. "ಇದು ಯಾವಾಗಿನಿಂದ ಹೀಗೆ ಅಳ್ತಿದೆ?" ಎಂದು ಕೇಳಿದ.

ಹಿಂದಿನ ಕೋಣೆಯಿಂದ ಆವ್ರಿಲ್ ತಕ್ಷಣವೇನೂ ಮರಳಲಿಲ್ಲ. ಒಮ್ಮೆ ದಿಂಬು ತಂದು ಎರಡು ದಿನ ಪ್ರಯತ್ನಿಸಿದಳು. ಅವನ ಗೊರಕೆ ನಿಜವಾಗಿಯೂ ಗರಗಸದ ಮಿಲ್ಲಿನಂತೆಯೇ ಇತ್ತು. ಮೂರನೆಯ ದಿನ ದಿಂಬು ವಾಪಸು ಹೋಯಿತು. ಇಬ್ಬರೂ ಅದಕ್ಕೆ ಬೇಸರಪಡಲಿಲ್ಲ.

ಆಗಸ್ಟ್ ಬಂದು ಭವನದಲ್ಲಿ ಮತ್ತೆ ಬ್ಯಾಡ್ಮಿಂಟನ್ ಶುರುವಾದ ಮೇಲೆ ಅವರು ಕಾರಿನಲ್ಲಿ ಹೋಬಾರ್ಟ್‌ಗೆ ಹೋದರು. ವಿನ್ನಿಯ ಸಮಾಧಿಯ ಕಲ್ಲಿನ ಸುತ್ತ ಕಳೆ ಬೆಳೆದಿತ್ತು. ಕ್ಲೆಮ್ ಮಂಡಿಯೂರಿ ಕೂತು ಕಳೆಯನ್ನೆಲ್ಲ ಬೇರು ಸಮೇತ ಕಿತ್ತು ಒಂದು ಕಡೆ ಗುಡ್ಡೆ ಹಾಕಿದ. ಆವ್ರಿಲ್ ತಂದಿದ್ದ ಹಳದಿ ಡ್ಯಾಫೋಡಿಲ್ ಹೂಗಳನ್ನು ಜಾಡಿಯಲ್ಲಿ ಇಟ್ಟಳು. ಎದ್ದು ನಿಲ್ಲಲು ಅವನಿಗೆ ಅವಳ ಕೈ ಬೇಕಾಯಿತು.

"ಅವತ್ತು ಮಳೆ ಇತ್ತಾ?" ಎಂದು ಕೇಳಿದ.

"ಇರಲಿಲ್ಲ. ಬಿಸಿಲಿತ್ತು. ಗಾಳಿ ಮಾತ್ರ ಜೋರು. ಪಾದ್ರಿಯ ಕಾಗದ ಹಾರಿ ಹೋಗಿ ಅವನು ಅರ್ಧ ಪ್ರಾರ್ಥನೆ ಬಾಯಿಪಾಠದಲ್ಲೇ ಹೇಳಿದ, ಒಂದು ಕಡೆ ತಪ್ಪಿದ."

"ಆಮೇಲೆ?"

ಆವ್ರಿಲ್ ಗೇಟಿನ ಕಡೆ ಹೆಜ್ಜೆ ಹಾಕುತ್ತ ಆಮೇಲಿನದನ್ನು ಹೇಳಿದಳು: ಯಾರು ಯಾರು ಬಂದಿದ್ದರು, ವಿನ್ನಿಯ ಗಂಡ ಎಲ್ಲಿ ನಿಂತಿದ್ದ, ಚಹಾದ ಜೊತೆ ಏನು ಕೊಟ್ಟರು, ಬಸ್ಸಿನಲ್ಲಿ ಮರಳುವಾಗ ಯಾವ ಸೀಟು ಸಿಕ್ಕಿತು. ಕ್ಲೆಮ್ ಒಂದೊಂದನ್ನೂ ಕೇಳಿ, ಮುಂದಿನದು ಕೇಳುತ್ತ ನಡೆದ. ಕಾರಿನ ಹತ್ತಿರ ಬಂದಾಗ ಕತೆ ಇನ್ನೂ ನಡುದಾರಿಯ ಲಾನ್ಸೆಸ್ಟನ್ನಿನ ಬಸ್ ನಿಲ್ದಾಣದಲ್ಲೇ ಇತ್ತು. ಅವನು ಬಾಗಿಲು ತೆಗೆಯದೆ, ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ, ಅವಳು ಮುಗಿಸುವವರೆಗೂ ನಿಂತಿದ್ದ.